ಕೋಂಬೈ ಮರಿಗೆ ರಾಜಪಾಳಯದ ದರ ಏಕೆ ಕೊಡಬೇಕು

ಕೋಂಬೈ ನಾಯಿಮರಿಯನ್ನು ರಾಜಪಾಳಯಂ ಮರಿಯ ದರಕ್ಕೇ ಕೊಳ್ಳಿ, ಚೌಕಾಸಿ ಮಾಡಬೇಡಿ ಎಂದು ಹಿಂದೆ ನಾನು ಬರೆದದ್ದಕ್ಕೆ ಬಂದ ಆಕ್ಷೇಪಗಳಲ್ಲಿ ಬೈಗುಳವನ್ನು ಸೋಸಿ ತೆಗೆದರೂ ವಾದಗಳು ಸಾಕಷ್ಟು ಉಳಿಯುತ್ತವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಒಬ್ಬರಿಗೆ ಕೋಂಬೈಗೆ ಅಷ್ಟು ಕೊಡುವುದು ದಂಡ. ಇನ್ನೊಬ್ಬರಿಗೆ ನಾಯಿಮರಿಗೆ ದುಡ್ಡು ಕೊಡುವುದೇ ದಂಡ. ಮತ್ತೊಬ್ಬರು, ಕೊಡುವುದಾದರೆ ಲಕ್ಷ ಕೊಟ್ಟು ರಷ್ಯಾ ಕಡೆಯ ನಾಯಿಯನ್ನೇ ತರಬೇಕು ಅನ್ನುತ್ತಾರೆ. ಈ ಮೂವರನ್ನು ಒಂದೇ ಜಗಲಿಯಲ್ಲಿ ಕೂರಿಸಿದರೆ ನನ್ನನ್ನು ಬಿಟ್ಟು ಅವರವರೇ ಜಗಳಕ್ಕೆ ಬೀಳುತ್ತಾರೆ. ಆದರೂ ಕೇಳಿದವರಿಗೆ ಉತ್ತರ ಕೊಡಬೇಕಾದದ್ದು ಬರೆದವನ ಕೆಲಸ.

ಮೊದಲು, ನಮ್ಮೂರು ಮಾರ್ಕಯನ್‌ಕೋಟ್ಟೈ ಯಾವ ಕಡೆ ಎಂದು ಕೇಳಿದ ಕರ್ನಾಟಕದ ಓದುಗರಿಗೆ ಎರಡು ಮಾತು. ತಮಿಳುನಾಡಿನ ತೇನಿ ಜಿಲ್ಲೆ, ಉತ್ತಮಪಾಳಯಂ ತಾಲ್ಲೂಕು, ಚಿನ್ನಮನೂರಿನ ಹತ್ತಿರ. 1895ರಲ್ಲಿ ಕಟ್ಟಿ ಮುಗಿದ ಪೆರಿಯಾರ್ ಅಣೆಕಟ್ಟೆಯ ನೀರು ಮುಲ್ಲೈಪೆರಿಯಾರ್ ಹೊಳೆಯಾಗಿ ಈ ಕಂಬಂ ಕಣಿವೆಗೆ ಬರುತ್ತದೆ. ಅದರ ದಯೆಯಿಂದ ಭತ್ತ, ಬಾಳೆ, ತೆಂಗು, ದ್ರಾಕ್ಷಿ. ಪಡುವಣಕ್ಕೆ ಘಟ್ಟ, ಘಟ್ಟದ ಆಚೆ ಇಡುಕ್ಕಿಯ ಏಲಕ್ಕಿ ತೋಟಗಳು. ಈ ಕಣಿವೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ತಲೆತಲಾಂತರದಿಂದ ಇವೆ. ಕೋಂಬೈ ಎಂಬ ಊರು ನಮ್ಮ ತಾಲ್ಲೂಕಿನಲ್ಲೇ, ಘಟ್ಟದ ಬುಡದಲ್ಲಿದೆ. ರಾಜಪಾಳಯಂ ಮೇಘಮಲೆ ಸಾಲಿನ ಆ ಮಗ್ಗುಲಿಗೆ, ವಿರುದುನಗರ ಜಿಲ್ಲೆಗೆ ಸೇರಿದ್ದು. ಹೀಗೆ ಬೆಟ್ಟದ ಎರಡು ಬದಿಯಲ್ಲಿ ಎರಡು ಊರು, ಎರಡೂ ಊರಿನ ಹೆಸರು ಹೊತ್ತ ಎರಡು ಕಾವಲು ನಾಯಿ. ಅವುಗಳ ಮರಿಗೆ ಕೇಳುವ ದರದಲ್ಲಿ ಮಾತ್ರ ಅಂತರ.

ಮೊದಲ ಆಕ್ಷೇಪ ಗಾತ್ರದ್ದು. "ರಾಜಪಾಳಯಂ ದೊಡ್ಡ ನಾಯಿ, ಕೋಂಬೈ ನಡುತರದ್ದು. ದೊಡ್ಡದಕ್ಕೆ ದೊಡ್ಡ ಬೆಲೆ, ಇದರಲ್ಲಿ ತಪ್ಪೇನಣ್ಣ?" ಎಂದು ಬೋಡಿ ಕಡೆಯ ಒಬ್ಬ ತೋಟಗಾರರು ಕೇಳಿದ್ದಾರೆ. ಎತ್ತರದ ಮಾತು ನಿಜ. ರಾಜಪಾಳಯಂ ಭುಜದ ತನಕ ಸುಮಾರು 65ರಿಂದ 75 ಸೆಂಟಿಮೀಟರ್ ನಿಲ್ಲುತ್ತದೆ. ಉದ್ದ ಕಾಲು, ಇಳಿದ ಎದೆ, ಹಾಲುಬಿಳಿ ಮೈ, ಗುಲಾಬಿ ಮೂಗು. ಕೋಂಬೈ ಅದಕ್ಕಿಂತ ಗಿಡ್ಡ, ಆದರೆ ಗಟ್ಟಿ ಕಟ್ಟು. ಕೆಂಚು ಮೈ, ಕಪ್ಪು ಮೂತಿ, ಅಗಲ ದವಡೆ. ಪಕ್ಕದಲ್ಲಿ ನಿಲ್ಲಿಸಿದರೆ ಫೋಟೋ ತೆಗೆಯುವವನು ಬಿಳಿಯದರ ಕಡೆ ತಿರುಗುತ್ತಾನೆ. ಅದನ್ನು ನಾನು ಒಪ್ಪುತ್ತೇನೆ.

ಆದರೆ ತೋಟಕ್ಕೆ ನಾಯಿ ಬೇಕಾಗಿರುವುದು ಯಾಕೆ? ರಾತ್ರಿ ಬಾವಿಯ ಮೋಟಾರಿನ ತಾಮ್ರದ ತಂತಿ ಕತ್ತರಿಸಲು ಬರುವವನನ್ನು ಬೇಲಿಯಾಚೆಯೇ ನಿಲ್ಲಿಸಲಿಕ್ಕೆ. ಬಾಳೆಯ ಬುಡ ಅಗೆಯುವ ಹಂದಿಯ ಸುಳಿವು ಕೊಡಲಿಕ್ಕೆ. ಆಡಿನ ಕೊಟ್ಟಿಗೆಯ ಸುತ್ತ ಚಿರತೆ ಸುಳಿದರೆ ಮನೆಯವರನ್ನು ಎಬ್ಬಿಸಲಿಕ್ಕೆ. ಈ ಯಾವುದರಲ್ಲೂ ನಾಯಿ ಒಂಟಿಯಾಗಿ ಹೋರಾಡಿ ಗೆಲ್ಲಬೇಕಾಗಿಲ್ಲ. ಚಿರತೆಗೆ ರಾಜಪಾಳಯವೂ ಒಂದೇ, ಕೋಂಬೈಯೂ ಒಂದೇ: ಎರಡೂ ಊಟ. ಕಾವಲಿನ ನಾಯಿ ಮಾಡಬೇಕಾದದ್ದು ಹೊತ್ತಿಗೆ ಸರಿಯಾಗಿ ಬೊಗಳುವುದು, ಜಾಗ ಬಿಟ್ಟು ಕದಲದಿರುವುದು. ಅದಕ್ಕೆ ಇನ್ನೂ ನಾಲ್ಕು ಬೆರಳು ಎತ್ತರ ಬೇಕಿಲ್ಲ. ಆ ನಾಲ್ಕು ಬೆರಳಿಗೆ ದಿನಾ ಅನ್ನ ಹಾಕಬೇಕು ಅನ್ನುವುದನ್ನು ಮಾತ್ರ ಮರೆಯಬಾರದು.

ಅನ್ನದ ಮಾತು ಬಂತು, ಲೆಕ್ಕವನ್ನೇ ಮಾಡಿಬಿಡೋಣ. ಆಕ್ಷೇಪ ಮಾಡಿದವರಲ್ಲಿ ಹೆಚ್ಚಿನವರು ಮರಿಯ ದರದಲ್ಲೇ ನಿಂತುಬಿಟ್ಟಿದ್ದಾರೆ. ಮರಿ ಬೆಳೆದು ತಿನ್ನುತ್ತದೆ ಅನ್ನುವುದು ಅವರ ಲೆಕ್ಕದಲ್ಲಿ ಬಂದೇ ಇಲ್ಲ. ದರ ಊರಿಂದೂರಿಗೆ, ಕೈಯಿಂದ ಕೈಗೆ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಹಾಕುವ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ನಿಮ್ಮೂರಿನ ದರ ಹಾಕಿ ನೀವೇ ಕೂಡಿ ನೋಡಬಹುದು. ಕೋಂಬೈ ಮರಿಗೆ 10,000 ಎಂದಿಟ್ಟುಕೊಳ್ಳಿ, ರಾಜಪಾಳಯಂ ಮರಿಗೆ 18,000. ಅನ್ನ, ಮೊಟ್ಟೆ, ಮಜ್ಜಿಗೆ, ವಾರಕ್ಕೆರಡು ಸಲ ಕೋಳಿ ಅಂಗಡಿಯ ತಲೆ-ಕಾಲು ಎಲ್ಲ ಸೇರಿ ಕೋಂಬೈಗೆ ದಿನಕ್ಕೆ 50 ರೂಪಾಯಿ, ರಾಜಪಾಳಯಂಗೆ 70. ವರ್ಷಕ್ಕೆ ಮೊದಲನೆಯದು 18,250, ಎರಡನೆಯದು 25,550. ವ್ಯತ್ಯಾಸ 7,300. ಅಂದರೆ ಮರಿ ಕೊಳ್ಳುವಾಗ ನೀವು ಹೊಡೆದಾಡಿದ 8,000ದ ಅಂತರವನ್ನು ಅನ್ನದ ತಟ್ಟೆ ವರ್ಷ ಒಂದರ ಮೇಲೆ ಒಂದೂವರೆ ತಿಂಗಳೊಳಗೆ ತಿಂದು ಮುಗಿಸುತ್ತದೆ. ಹತ್ತು ವರ್ಷ ಬದುಕಿದರೆ ಒಂದು 1,82,500 ತಿಂದಿರುತ್ತದೆ, ಇನ್ನೊಂದು 2,55,500. ಲಸಿಕೆ, ಜಂತುಹುಳದ ಔಷಧ, ಉಣ್ಣೆ ಜ್ವರಕ್ಕೆ ಡಾಕ್ಟರು ಎಂದು ಎರಡಕ್ಕೂ ಸಮನಾಗಿ 30,000 ಸೇರಿಸಿ. ಒಟ್ಟು ಮೊತ್ತದಲ್ಲಿ ಮರಿಯ ಬೆಲೆ ನೂರಕ್ಕೆ ನಾಲ್ಕೂವರೆಯೋ ಆರೋ ರೂಪಾಯಿ!

"ನಮ್ಮನೆಯ ರಾಜಪಾಳಯಂ ಅಷ್ಟು ತಿನ್ನುವುದಿಲ್ಲ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಯಿತು, ಎರಡೂ 50 ರೂಪಾಯಿಯದೇ ತಿನ್ನಲಿ. ಆಗಲೂ ಮರಿಯ ಬೆಲೆ ಒಟ್ಟು ಖರ್ಚಿನ ಮೂಲೆಯಲ್ಲಿ ಕೂರುವ ಅಂಕಿಯೇ. ಹಾಗಿದ್ದ ಮೇಲೆ ಆ ಒಂದು ಅಂಕಿಯಲ್ಲಿ ಮೂರು ನಾಲ್ಕು ಸಾವಿರ ಉಳಿಸಲು ಸಂಕದ ಮೇಲೆ ಚೀಲದಲ್ಲಿ ಹಾಕಿಕೊಂಡು ಕೂತವನ ಹತ್ತಿರ ಮರಿ ಕೊಳ್ಳುವುದು ಯಾವ ಜಾಣತನ? ನಾನು ಬರೆದದ್ದೂ ಇಷ್ಟೇ. ಕೋಂಬೈಗೆ 10,000ದ ಬದಲು 18,000 ಕೊಟ್ಟರೂ ಹತ್ತು ವರ್ಷದ ಲೆಕ್ಕದಲ್ಲಿ ಅದು ರಾಜಪಾಳಯಂಗಿಂತ 73,000 ಅಗ್ಗವಾಗಿಯೇ ಉಳಿಯುತ್ತದೆ. ಆ ಹೆಚ್ಚಿನ 8,000 ತಾಯಿನಾಯಿಯನ್ನು ಸಾಕಿದವರ ಕೈಗೆ ಹೋಗಲಿ ಅನ್ನುವುದು ನನ್ನ ಹಟ. ಯಾಕೆ ಅನ್ನುವುದಕ್ಕೆ ಮುಂದೆ ಬರುತ್ತೇನೆ.

ಎರಡನೆಯ ಗುಂಪಿನವರು ಕೀರ್ತಿಯ ಪಟ್ಟಿ ಹಿಡಿದು ಬಂದಿದ್ದಾರೆ. 2005ರ ಜನವರಿ 9ರಂದು ಅಂಚೆ ಇಲಾಖೆ ಹೊರತಂದ ನಾಲ್ಕು ನಾಯಿಗಳ ಅಂಚೆಚೀಟಿಯಲ್ಲಿ ಹಿಮಾಲಯದ ಕುರಿನಾಯಿ, ರಾಂಪುರ, ಮುಧೋಳದ ಜೊತೆಗೆ ರಾಜಪಾಳಯಂ ಇದೆ, ಕೋಂಬೈ ಇಲ್ಲ. 2020ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಮೊದಲ ಸಲ ನಾಯಿ ತಳಿಗಳನ್ನು ನೋಂದಾಯಿಸಿದಾಗ ರಾಜಪಾಳಯಂ, ಚಿಪ್ಪಿಪಾರೈ, ಮುಧೋಳ ಈ ಮೂರು ಸೇರಿದವು. ಕೋಂಬೈ ಅಲ್ಲಿಯೂ ಇರಲಿಲ್ಲ. ಇದೆಲ್ಲ ದಿಟ. ಅದೇ ವರ್ಷ ಆಗಸ್ಟ್ 30ರ 'ಮನದ ಮಾತು' ಭಾಷಣದಲ್ಲಿ ಪ್ರಧಾನಿ ಹೆಸರು ಹೇಳಿದ ದೇಶಿ ನಾಯಿಗಳಲ್ಲಿ ಕೋಂಬೈ ಇತ್ತು ಎಂದು ನಾನೂ ಎದುರು ಪಟ್ಟಿ ಹಿಡಿಯಬಹುದು. ಹಿಡಿಯುವುದಿಲ್ಲ. ಅಂಚೆಚೀಟಿ ನೋಡಿ ಕಳ್ಳ ಹೆದರುವುದಿಲ್ಲ. ತಳಿಯ ನೋಂದಣಿ ಅಂದರೆ ಆ ತಳಿಯ ಮೈಕಟ್ಟು, ಸಂಖ್ಯೆ, ಇರುವ ಜಾಗ ಇವನ್ನು ಅಳೆದು ದಾಖಲೆಗೆ ಸೇರಿಸಿದ್ದಾರೆ ಎಂದರ್ಥ. ನಿಮ್ಮ ಕೈಯಲ್ಲಿರುವ ಮರಿ ಆ ತಳಿಯದ್ದೇ ಎಂದು ಅದು ಸಾಕ್ಷಿ ಹೇಳುವುದಿಲ್ಲ. ಹೆಸರು ಮೇಲೇರಿದ ಹಾಗೆಲ್ಲ ಬಿಳಿ ಬಣ್ಣದ ಯಾವ ಮರಿಯನ್ನಾದರೂ ರಾಜಪಾಳಯಂ ಎಂದು ಮಾರುವವರು ಹೆಚ್ಚಿದ್ದಾರೆ. ಕೀರ್ತಿಗೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಒಂದು ಪಾಲು ಈ ಮೋಸಕ್ಕೇ ಹೋಗುತ್ತದೆ.

ಬಿಳುಪಿನ ವಿಷಯದಲ್ಲಿ ಇನ್ನೊಂದು ಮಾತಿದೆ, ಅದನ್ನು ಮಾರುವವರು ಹೇಳುವುದಿಲ್ಲ. ಮೈಯಲ್ಲಿ ಬಣ್ಣ ಕೊಡುವ ಜೀವಕೋಶಗಳಿಗೂ ಒಳಕಿವಿಯ ಕೆಲಸಕ್ಕೂ ನಂಟಿದೆ. ಪೂರ್ತಿ ಬಿಳಿಯ ನಾಯಿಗಳಲ್ಲಿ ಹುಟ್ಟುಕಿವುಡು ಹೆಚ್ಚಾಗಿ ಕಾಣುವುದು ಈ ಕಾರಣಕ್ಕೆ. ಡಾಲ್ಮೇಷಿಯನ್ ತಳಿಯಲ್ಲಿ ಇದು ಲೋಕಪ್ರಸಿದ್ಧ, ರಾಜಪಾಳಯದಲ್ಲಿಯೂ ಇದೆ. ಬೇಡಿಕೆ ಬಿಳಿಗೆ ಮಾತ್ರ ಎಂದಾದ್ದರಿಂದ ಬಣ್ಣದ ಮರಿ ಬೇಡವೆನ್ನುವ ರೂಢಿ ಬೆಳೆದು, ಬಿಳಿಗೆ ಬಿಳಿಯನ್ನೇ ಕೂಡಿಸುತ್ತ ಬಂದು, ಕಿವುಡು ಇನ್ನಷ್ಟು ಉಳಿಯುವಂತಾಯಿತು. ಕಿವಿ ಕೇಳದ ಮರಿ ಅಣ್ಣತಮ್ಮಂದಿರ ಜೊತೆ ಆಡುವಾಗ ಗೊತ್ತೇ ಆಗುವುದಿಲ್ಲ. ಉಳಿದವು ಎದ್ದರೆ ಅದೂ ಏಳುತ್ತದೆ, ಓಡಿದರೆ ಓಡುತ್ತದೆ. ಮನೆಗೆ ತಂದು ಒಂಟಿಯಾದ ಮೇಲೆ ಬಣ್ಣ ಬಯಲಾಗುತ್ತದೆ. ಕೊಳ್ಳುವ ಮೊದಲು ಮರಿಯನ್ನು ಬೇರೆ ಮಾಡಿ, ಅದರ ಬೆನ್ನ ಹಿಂದೆ ನಿಂತು, ಗಾಳಿ ತಾಗದ ಹಾಗೆ ಕೀಲಿಗೊಂಚಲು ಅಲ್ಲಾಡಿಸಿ ನೋಡಿ. ತಿರುಗದಿದ್ದರೆ ಇನ್ನೊಮ್ಮೆ ನೋಡಿ. "ರಾಜಪಾಳಯಂ ಮರಿ 5,000ಕ್ಕೇ ಸಿಕ್ಕಿತು, ನೀವು ಹೇಳುವ ದರ ಸುಳ್ಳು" ಎಂದು ಬರೆದ ಉತ್ಸಾಹಿಗಳು ತಮ್ಮ ಮರಿಗೆ ಈ ಪರೀಕ್ಷೆ ಮಾಡಿದ್ದಾರೆಯೇ ಎಂದು ತಿಳಿಸಿದರೆ ಉಪಕಾರ. ಕಿವುಡು ನಾಯಿಯನ್ನು ಪ್ರೀತಿಯಿಂದ ಸಾಕಲು ಏನೂ ಅಡ್ಡಿಯಿಲ್ಲ, ಸಾಕಬೇಕು ಕೂಡ. ಕಾವಲಿಗೆ ಅದು ಆಗುವುದಿಲ್ಲ, ಅಷ್ಟೆ.

ಇಷ್ಟೆಲ್ಲ ಹೇಳಿದ್ದಕ್ಕೆ ನಾನು ರಾಜಪಾಳಯದ ವೈರಿ ಎಂದುಕೊಳ್ಳಬೇಡಿ. ಕಿವಿ ಸರಿಯಿರುವ, ಒಳ್ಳೆಯ ಮನೆಯಲ್ಲಿ ಹುಟ್ಟಿದ ರಾಜಪಾಳಯಂ ಒಬ್ಬ ಒಡೆಯನಿಗೆ ಅಂಟಿಕೊಂಡು ಅವನ ಅಂಗಳ ಕಾಯುವ ರೀತಿ ನೋಡುವಂಥದ್ದು. ನನ್ನ ತಕರಾರು ದರದ ಅಂತರದ ಬಗ್ಗೆ, ನಾಯಿಯ ಬಗ್ಗೆ ಅಲ್ಲ.

ಮೂರನೆಯ ಆಕ್ಷೇಪ ನನಗೆ ಹತ್ತಿರದವರದ್ದೇ, ಆದ್ದರಿಂದ ಅದಕ್ಕೆ ಉತ್ತರ ಉದ್ದವಾಗುತ್ತದೆ. "ನಾಯಿಮರಿ ಮಾರುವ ಕಸುಬು ನಮ್ಮಲ್ಲಿ ಯಾವ ಕಾಲಕ್ಕಿತ್ತು? ಕೇಳಿದವರಿಗೆ ಕೊಟ್ಟರು, ಕೊಂಡುಹೋದವರು ಒಂದು ಪಡಿ ಕಾಳೋ ಒಂದು ಹಿಡಿ ಉಪ್ಪೋ ಇಟ್ಟು ಹೋದರು. ನೀನು ಈಗ ಕೋಂಬೈಗೆ ದರ ಏರಿಸಿ ಬಡ ರೈತನ ಕೈಗೆ ಸಿಗದ ಹಾಗೆ ಮಾಡುತ್ತಿ" ಎಂದು ಚಿನ್ನಮನೂರಿನ ಹಿರಿಯರೊಬ್ಬರು ಗದರಿಸಿದ್ದಾರೆ. ಮಾವನವರೇ, ಪಡಿ ಕಾಳಿನ ಮಾತು ಸುಳ್ಳಲ್ಲ. ಆದರೆ ಆ ಕಾಲದಲ್ಲಿ ತಾಯಿನಾಯಿಗೆ ಅನ್ನ ಹಾಕುತ್ತಿದ್ದವರು ಯಾರು ಎಂದು ಒಂದು ಗಳಿಗೆ ಯೋಚಿಸಿ.

ದನದ ಮಂದೆ ಹಾಕುತ್ತಿತ್ತು. ಈ ಕಣಿವೆಯಲ್ಲಿ ಮಲೆಮಾಡು ಎನ್ನುವ ಬೆಟ್ಟದ ದನಗಳನ್ನು ನೂರಾರು ಲೆಕ್ಕದಲ್ಲಿ ಸಾಕುತ್ತಿದ್ದ ಕಾಲ ಅದು. ನಮ್ಮ ಕನ್ನಡ ಮಂದಿಗೆ ಆಕಳೆಂದರೆ ಏನಾಗಿತ್ತು ಅನ್ನುವುದಕ್ಕೆ ಕಂಬಂನ ದೇವರ ಮಂದೆಯೇ ಸಾಕ್ಷಿ. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟದಲ್ಲೂ ಅದು ದಾಖಲಾಗಿದೆ: ಮಂದೆಗೊಂದು ಪಟ್ಟದ ಹೋರಿ, ಅದು ಸತ್ತರೆ ಮುಂದಿನದನ್ನು ಆರಿಸಲು ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟು, ಯಾವ ಹೋರಿ ಬಂದು ಮುಟ್ಟುತ್ತದೋ ಅದಕ್ಕೇ ಪಟ್ಟ. ಅಂಥ ಮಂದೆಗಳ ಜೊತೆ ದೊಡ್ಡಿಯಲ್ಲಿ ಮಲಗುತ್ತಿದ್ದದ್ದು ನಾಯಿ. ದನಗಾಹಿಗೆ ನಾಯಿ ಖರ್ಚಿನ ಬಾಬಲ್ಲ, ಅವನ ಕೂಲಿಯಲ್ಲೇ ಅದರ ಪಾಲೂ ಸೇರಿತ್ತು. ಮರಿ ಹಾಕಿದಾಗ ಕೆಲಸ ಬಲ್ಲ ಎರಡನ್ನು ತಾನಿಟ್ಟುಕೊಂಡು ಉಳಿದದ್ದನ್ನು ಕೇಳಿದವರಿಗೆ ಕೊಟ್ಟರೆ ಅವನಿಗೆ ನಷ್ಟವೇನೂ ಇರಲಿಲ್ಲ.

ಈಗ ಆ ದೊಡ್ಡಿಗಳು ಎಲ್ಲಿವೆ? 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನೇ ತಡೆಯಿತು. ಆಮೇಲೆ ಆ ತಡೆಯನ್ನು ಹುಲಿ ಸಂರಕ್ಷಿತ ಪ್ರದೇಶ, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಸೀಮಿತಗೊಳಿಸಿದರೂ ನಮ್ಮ ಕಡೆಯ ಬೆಟ್ಟಕ್ಕೆ ಅದು ತಪ್ಪಲಿಲ್ಲ. ಹುಲಿಗೆ ಕಾಡು ಬೇಕೇ ಬೇಡವೇ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಮಂದೆ ಕರಗಿತು, ಮಂದೆಯ ನಾಯಿಗೆ ಸಂಬಳ ಕೊಡುವವರು ಹೋದರು. ಬೇಟೆಯ ಕೆಲಸ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೇ ಮುಗಿದಿತ್ತು. ಇಂದು ಕೋಂಬೈ ಹೆಣ್ಣುನಾಯಿಯೊಂದನ್ನು ಸಾಕಿ, ಬಸಿರಿನ 63 ದಿನ ನೋಡಿಕೊಂಡು, ಮರಿಗಳಿಗೆ ಎರಡು ತಿಂಗಳು ಹಾಲು-ಅನ್ನ-ಲಸಿಕೆ ಕೊಡಿಸುವವರಿಗೆ ಆ ಖರ್ಚು ಹುಟ್ಟುವ ಒಂದೇ ದಾರಿ ಮರಿಯ ಬೆಲೆ. ಆ ಬೆಲೆ ಪಡಿ ಕಾಳಿನ ಮಟ್ಟದಲ್ಲೇ ಇರಲಿ ಎನ್ನುವವರು, ತಿಳಿದೋ ತಿಳಿಯದೆಯೋ, ಆ ನಾಯಿ ಬೀದಿನಾಯಿಯ ಜೊತೆ ಬೆರೆತು ಮುಗಿದುಹೋಗಲಿ ಎಂದು ಹರಸಿದಂತೆ. ದುಡ್ಡು ಹುಟ್ಟುವ ಕಡೆ ಜನ ಸಾಕುತ್ತಾರೆ. ಬಾಗಲಕೋಟೆಯ ಮುಧೋಳ ಕಡೆ ಹಳ್ಳಿಯ ಮನೆಗಳು ಮರಿ ಮಾರಿ ಆದಾಯ ನೋಡುತ್ತಿರುವುದರಿಂದಲೇ ಆ ಬೇಟೆನಾಯಿ ಉಳಿದಿದೆ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಬಂದದ್ದು ಆ ಮನೆಗಳಿಗೆ ಬಲವಾಯಿತು.

"ಹಾಗಾದರೆ ಸರ್ಕಾರವೇ ಸಾಕಿ ಅಗ್ಗಕ್ಕೆ ಕೊಡಲಿ" ಎಂಬ ಇನ್ನೊಂದು ದನಿ ಇದೆ. ಅದೂ ನಡೆದುಹೋಗಿದೆ. ಚೆನ್ನೈನ ಸೈದಾಪೇಟೆಯಲ್ಲಿ ಪಶುಸಂಗೋಪನೆ ಇಲಾಖೆ 1980ರ ದಶಕದಿಂದ ದೇಶಿ ನಾಯಿಗಳ ತಳಿ ಘಟಕ ನಡೆಸುತ್ತಿತ್ತು. ರಾಜಪಾಳಯಂ, ಚಿಪ್ಪಿಪಾರೈ, ಕೋಂಬೈ ಮರಿಗಳು ಅಲ್ಲಿಂದ ಹೋಗುತ್ತಿದ್ದವು. ನಾಯಿಗಳನ್ನು ಇಟ್ಟಿದ್ದ ಸ್ಥಿತಿಯ ಬಗ್ಗೆ ದೂರು ಕೋರ್ಟಿಗೆ ಹೋಗಿ, 2016ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಮುಚ್ಚಲು ಆದೇಶಿಸಿತು. ಕಾವಲು ನಾಯಿ ಬೋನಿನಲ್ಲಿ ಹುಟ್ಟಿ ಬೋನಿನಲ್ಲೇ ಬೆಳೆದರೆ ಏನನ್ನು ಕಾಯಲು ಕಲಿಯುತ್ತದೆ? ತಾಯಿ ಅಪರಿಚಿತರನ್ನು ಹೇಗೆ ನೋಡುತ್ತಾಳೆ, ಮನೆಯ ಮಗುವನ್ನು ಹೇಗೆ ಸಹಿಸುತ್ತಾಳೆ, ಆಡಿನ ಮರಿ ಮೈಮೇಲೆ ಹಾರಿದರೆ ಏನು ಮಾಡುತ್ತಾಳೆ ಎಂಬುದನ್ನು ನೋಡಿಯೇ ಮರಿ ಕಲಿಯುವುದು. ಅದು ತೋಟದ ಮನೆಯಲ್ಲಿ ಮಾತ್ರ ಸಿಗುವ ಪಾಠ. ಅದಕ್ಕೂ ಸೇರಿಸಿಯೇ ನಾನು ದರ ಹೇಳುತ್ತಿರುವುದು.

ಇನ್ನು ರಷ್ಯಾ ನಾಯಿಯ ಅಭಿಮಾನಿಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಇಲ್ಲಿ ತೋಟವಿರುವ ಅಳಿಯಂದಿರೊಬ್ಬರು ಕಾಕೇಷಿಯನ್ ಶೆಫರ್ಡ್ ಮರಿಯ ಫೋಟೋ ಕಳಿಸಿ, "ಮಾವ, ಇದು ನಿಜವಾದ ಕಾವಲು ನಾಯಿ, ತೋಳವನ್ನೇ ಓಡಿಸುತ್ತೆ" ಎಂದಿದ್ದಾರೆ. ಓಡಿಸುತ್ತದೆ, ಕಾಕಸಸ್ ಬೆಟ್ಟದ ಹಿಮದಲ್ಲಿ. ಐವತ್ತು ಕಿಲೋ ದಾಟುವ ಮೈ, ಅದರ ಮೇಲೆ ಎರಡು ಪದರದ ಕೂದಲು. ನಮ್ಮ ಚಿತ್ತಿರೈ ತಿಂಗಳ ಬಿಸಿಲಿನಲ್ಲಿ ಅದು ತೋಟ ಕಾಯುವುದಿಲ್ಲ, ಫ್ಯಾನಿನ ಕೆಳಗೆ ನಾಲಿಗೆ ಚಾಚಿ ಮಲಗುತ್ತದೆ. ಅದನ್ನು ಕಾಯಲು ಇನ್ನೊಬ್ಬ ಆಳು ಬೇಕಾಗುತ್ತದೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿ: ದಿನಕ್ಕೆ 250 ರೂಪಾಯಿಯ ತಿಂಡಿ ಎಂದರೂ ವರ್ಷಕ್ಕೆ 91,250. ಎರಡೇ ವರ್ಷಕ್ಕೆ ಕೋಂಬೈಯ ಹತ್ತು ವರ್ಷದ ಅನ್ನ ಮುಗಿದಿರುತ್ತದೆ. ಮರಿಯ ದರ ಇನ್ನೂ ಸೇರಿಸಿಲ್ಲ. ಕರೆಂಟ್ ಬಿಲ್ಲನ್ನೂ ಸೇರಿಸಿಲ್ಲ.

"2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಷೇಧ ಕರ್ನಾಟಕ ಹೈಕೋರ್ಟಿನಲ್ಲಿ ಬಿತ್ತಲ್ಲ" ಎಂದೂ ಅವರು ನೆನಪಿಸಿದ್ದಾರೆ. ಹೌದು. ಆ ವರ್ಷ ಮಾರ್ಚ್ 12ರ ಸುತ್ತೋಲೆಯಲ್ಲಿ ಕಾಕೇಷಿಯನ್ ಶೆಫರ್ಡ್, ಕಂಗಾಲ್, ರಾಟ್‌ವೈಲರ್ ಸೇರಿ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಲಾಗಿತ್ತು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಸರಿಯಲ್ಲ ಎಂದು ಏಪ್ರಿಲ್ 10ರಂದು ಹೈಕೋರ್ಟ್ ಅದನ್ನು ರದ್ದುಮಾಡಿತು. ಆ ತೀರ್ಪು ನನಗೂ ಒಪ್ಪಿಗೆಯೇ. ತಳಿಯ ಹೆಸರು ಹಿಡಿದು ನಾಯಿಯನ್ನು ಅಪರಾಧಿ ಮಾಡುವುದು ನ್ಯಾಯವಲ್ಲ. ಆದರೆ ಕೋರ್ಟ್ ರದ್ದುಮಾಡಿದ್ದು ಸುತ್ತೋಲೆಯನ್ನು, ಕಂಬಂ ಕಣಿವೆಯ ಬಿಸಿಲನ್ನಲ್ಲ. ತಮಿಳುನಾಡು ಸರ್ಕಾರ ಅದೇ ವರ್ಷದ ಕೊನೆಗೆ ಪ್ರಕಟಿಸಿದ ನಾಯಿ ತಳಿ ನೀತಿಯಲ್ಲಿ ಸೇಂಟ್ ಬರ್ನಾರ್ಡ್, ಟಿಬೆಟನ್ ಮ್ಯಾಸ್ಟಿಫ್, ಸೈಬೀರಿಯನ್ ಹಸ್ಕಿಯಂಥ ಹನ್ನೊಂದು ತಳಿಗಳು ಈ ಹವೆಗೆ ಹೊಂದುವುದಿಲ್ಲ ಎಂದದ್ದು ಇದೇ ಅರ್ಥದಲ್ಲಿ.

ದುಬಾರಿ ದರವೇ ದೊಡ್ಡಸ್ತಿಕೆ ಎನ್ನುವವರಿಗೆ ಒಂದು ಸುದ್ದಿ ನೆನಪಿಸಿ ಮುಂದೆ ಹೋಗುತ್ತೇನೆ. 2025ರ ಆರಂಭದಲ್ಲಿ ಬೆಂಗಳೂರಿನಲ್ಲಿ 50 ಕೋಟಿ ರೂಪಾಯಿ ಕೊಟ್ಟು ತೋಳ ಮತ್ತು ಕಾಕೇಷಿಯನ್ ಶೆಫರ್ಡ್ ಬೆರಕೆಯ ನಾಯಿ ಕೊಂಡರು ಎಂಬ ಸುದ್ದಿ ವಿದೇಶದ ಪತ್ರಿಕೆಗಳವರೆಗೂ ಹೋಯಿತು. ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯದವರು ಮನೆಗೆ ಬಂದು ವಿಚಾರಿಸಿದಾಗ ಅಷ್ಟು ಹಣ ಕೈಬದಲಾದ ಕುರುಹೇ ಇಲ್ಲ ಎಂದು ವರದಿಯಾಯಿತು. ನಾಯಿಯ ದರ ಕೆಲವೊಮ್ಮೆ ಹೇಳಿಕೊಳ್ಳುವುದಕ್ಕಾಗಿಯೇ ಹುಟ್ಟುತ್ತದೆ.

"ದೇಶಿ ನಾಯಿಗೆ ಲಸಿಕೆ ಯಾಕೆ, ಅದು ಗಟ್ಟಿ ಜೀವ" ಎಂಬ ವಾದಕ್ಕೆ ಹೆಚ್ಚು ಹೇಳಬೇಕಿಲ್ಲ. ಪಾರ್ವೋ ವೈರಸ್ ತಳಿಯ ಹೆಸರು ಕೇಳಿ ಬರುವುದಿಲ್ಲ; ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಮರಿ ಮುಗಿಯುತ್ತದೆ. ಹುಚ್ಚುನಾಯಿ ರೋಗ ಬಂದರೆ ಮನುಷ್ಯರನ್ನೂ ಉಳಿಸುವುದಿಲ್ಲ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ಹುಚ್ಚುರೋಗದ್ದು, ಆಮೇಲೆ ವರ್ಷ ವರ್ಷ. ಇದರಲ್ಲಿ ಉಳಿತಾಯ ಹುಡುಕುವವರು ನಾಯಿ ಸಾಕದಿರುವುದೇ ಒಳ್ಳೆಯದು.

ಒಂದು ಗಂಭೀರ ಆಕ್ಷೇಪ ಉಳಿದಿದೆ: ಕೋಂಬೈ ಕಚ್ಚುತ್ತದೆ. ಕಚ್ಚುತ್ತದೆ. ರಾಜಪಾಳಯವೂ ಕಚ್ಚುತ್ತದೆ. ಅಪರಿಚಿತರನ್ನು ಸಹಿಸದ ಗುಣಕ್ಕಾಗಿಯೇ ಇವುಗಳನ್ನು ಆರಿಸಿ ಬೆಳೆಸಿದ್ದು. ಮರಿಯಿಂದಲೇ ಸರಪಳಿಯಲ್ಲಿ ಕಟ್ಟಿ, ಬಂದವರನ್ನೆಲ್ಲ ಬೆದರಿಸಲು ಛೂ ಬಿಟ್ಟು ಕಲಿಸಿದರೆ ಎರಡೂ ಅಂಚೆಯವನನ್ನು, ಹಾಲಿನವಳನ್ನು, ಪಕ್ಕದ ತೋಟದ ಮಗುವನ್ನು ಕಚ್ಚುತ್ತವೆ. ಆಗ ಪ್ರಾಣಿಯನ್ನು ಹತೋಟಿಯಲ್ಲಿಡದ ತಪ್ಪಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಒಡೆಯನ ಮೇಲೆ ಬರುತ್ತದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಮೊದಲ ನಾಲ್ಕು ತಿಂಗಳು ಮರಿಯನ್ನು ಜನರ ನಡುವೆ, ದನಕರು ಕೋಳಿಗಳ ನಡುವೆ ಓಡಾಡಿಸಿ ಬೆಳೆಸುವ ಪುರುಸೊತ್ತಿಲ್ಲದವರಿಗೆ ಎರಡು ತಳಿಯೂ ಬೇಡ, ಗೇಟಿಗೆ ಒಳ್ಳೆಯ ಬೀಗ ಹಾಕಿಸಲಿ. ಈ ಆಕ್ಷೇಪ ಎತ್ತಿದವರಲ್ಲಿ ಒಬ್ಬ ತಾಯಿ ಇದ್ದರು. ಅವರು ಹೇಳಿದ್ದರಲ್ಲಿ ನಾನು ತೆಗೆದುಹಾಕುವಂಥದ್ದು ಏನೂ ಇಲ್ಲ.

"ನಿನಗೆ ಇದರಲ್ಲಿ ಎಷ್ಟು ಕಮಿಷನ್?" ಎಂದು ಕೇಳಿದವರಿಗೆ: ನಾನು ಮರಿ ಮಾರುವವನಲ್ಲ, ಮಾರಿಸುವವನೂ ಅಲ್ಲ.

ಕೊಳ್ಳುವವರಿಗೆ ನನ್ನ ಬೇಡಿಕೆ ಇಷ್ಟು. 2017ರ ನಾಯಿ ತಳಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯನ್ನು ಕೂಡಿಸುವಂತಿಲ್ಲ, ತಳಿ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಸಣ್ಣ ಸಾಕಣೆದಾರರಿಗೆ ಈ ನೋಂದಣಿ ಹೊರೆಯೇ. ಮರಿಗೆ ತಕ್ಕ ದರ ಸಿಕ್ಕರೆ ಮಾತ್ರ ಅವರು ಅದನ್ನು ಹೊರಬಲ್ಲರು. ಬಸ್‌ಸ್ಟಾಂಡಿನಲ್ಲಿ, ಸಂತೆಯಲ್ಲಿ, ಬೈಕಿನ ಮೇಲೆ ಬರುವ ಮರಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಸಾಕಿದವರ ಮನೆಗೆ ಹೋಗಿ. ತಾಯಿನಾಯಿಯನ್ನು ತೋರಿಸಿ ಎಂದು ಕೇಳಿ. ಅದು ನಿಮ್ಮನ್ನು ನೋಡಿ ಹೇಗೆ ನಡೆದುಕೊಂಡಿತು, ಒಡೆಯ ಒಂದು ಮಾತು ಹೇಳಿದ ಮೇಲೆ ಹೇಗೆ ಸುಮ್ಮನಾಯಿತು ಎಂದು ಗಮನಿಸಿ. ಲಸಿಕೆಯ ಚೀಟಿ ನೋಡಿ, ಕಿವಿ ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಅವರು ಹೇಳಿದ ದರವನ್ನು, ಅದು ರಾಜಪಾಳಯಂ ಮರಿಯ ದರವೇ ಆಗಿರಲಿ, ಎಣಿಸಿ ಕೊಟ್ಟು ಬನ್ನಿ. ತಾಯಿಯನ್ನು ತೋರಿಸದವರಿಗೆ ಒಂದು ಕಾಸನ್ನೂ ಕೊಡಬೇಡಿ.